ಗಾಳಿಯ ತಕ್ಕಡಿಗೂ ಮುದ್ರೆ ಬೇಕು
(ಮುದ್ದೇಬಿಹಾಳದ ಸಭೆಯಲ್ಲಿ ಮಾಡಿದ ಭಾಷಣ)



ಅಂಗಡಿಯಿಟ್ಟವರಿಗೆಲ್ಲ ಗೊತ್ತಿರುವ ಮಾತು. ವಿದ್ಯುತ್ ತಕ್ಕಡಿಗೆ ವರ್ಷಕ್ಕೊಮ್ಮೆ, ಕಬ್ಬಿಣದ ತೂಕದ ಕಲ್ಲುಗಳಿಗೆ ಎರಡು ವರ್ಷಕ್ಕೊಮ್ಮೆ ಸರಕಾರದ ಮುದ್ರೆ ಹಾಕಿಸಬೇಕು. ತಪ್ಪಿದರೆ ದಂಡ. ತೊಗರಿಬೇಳೆಗೆ ಇಷ್ಟು ಎಚ್ಚರ. ಉಸಿರಾಡುವ ಗಾಳಿಯನ್ನು ತೂಗುವ ಯಂತ್ರಕ್ಕೆ ಎಷ್ಟಿರಬೇಕು?

ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ಅನಿಲ ದಿನದ ಸರಾಸರಿಯಲ್ಲಿ ಘನಮೀಟರಿಗೆ 80 ಮೈಕ್ರೊಗ್ರಾಂ ಮೀರಬಾರದೆಂದು 2009ರಲ್ಲಿ ಕೇಂದ್ರವು ಮಿತಿ ಹಾಕಿತು. 2019ರಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಬಂದಾಗ ನಮ್ಮ ರಾಜ್ಯದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರ್ಗಿ ಪಟ್ಟಿ ಸೇರಿದವು. ಪಟ್ಟಿ ಆದದ್ದು ಅಳತೆ ನೋಡಿ. ಅಳತೆಯೇ ಇಲ್ಲದ ಊರಿನ ಗಾಳಿ ಕಾಗದದ ಮೇಲೆ ಸದಾ ಶುದ್ಧ! ಅಳತೆ ತಪ್ಪಿದ ಊರಿನದೂ ಅಷ್ಟೇ.

ಯಂತ್ರ ಪರೀಕ್ಷಿಸುವುದು ಮಂತ್ರವಿದ್ಯೆಯಲ್ಲ. ಬರಿದಾದ ತಕ್ಕಡಿಯ ಮುಳ್ಳು ನಡುವೆ ನಿಲ್ಲಬೇಕಲ್ಲವೇ? ಹಾಗೆಯೇ ಅನಿಲ ತೆಗೆದ ಶುದ್ಧ ಗಾಳಿಯನ್ನು ಮೊದಲು ಹಾಯಿಸುತ್ತಾರೆ. ಯಂತ್ರ ಸೊನ್ನೆ ತೋರಬೇಕು. ಆಮೇಲೆ ಪ್ರಮಾಣಪತ್ರವಿರುವ ಸಿಲಿಂಡರಿನಿಂದ ಗೊತ್ತಾದ ಪ್ರಮಾಣದ ಅನಿಲ. ಅದೇ ಇಲ್ಲಿಯ ತೂಕದ ಕಲ್ಲು. ಅಂಕಿ ಹೊಂದದಿದ್ದರೆ ತಿದ್ದುತ್ತಾರೆ.

ವಿಜಯಪುರದ ಇಬ್ರಾಹಿಂಪುರದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಇಟ್ಟಿರುವಂಥ ದೊಡ್ಡ ಯಂತ್ರಗಳು ದುಬಾರಿ. ಈಗ ಅಂಗೈಯಗಲದ ಅಗ್ಗದವು ಬಂದಿವೆ. ತಾಲೂಕು ಊರುಗಳಿಗೆ ಬಂದರೆ ಇವೇ ಬರುತ್ತವೆ, ಬರಲಿ, ಬೇಡವೆನ್ನುವುದಿಲ್ಲ. ಆದರೆ ಇವುಗಳ ಗುಣ ತಿಳಿದಿರಲಿ. ಒಳಗೊಂದು ಪುಟ್ಟ ಸೆಲ್ ಇರುತ್ತದೆ. ಅನಿಲ ತಾಗಿದರೆ ರಾಸಾಯನಿಕ ಕ್ರಿಯೆ ನಡೆದು ತುಸು ವಿದ್ಯುತ್ ಹರಿಯುತ್ತದೆ, ಅದೇ ಅಂಕಿಯಾಗುತ್ತದೆ. ತಿಂಗಳು ಕಳೆದಂತೆ ಸೆಲ್ ಬಸವಳಿಯುತ್ತದೆ. ವಿಷ ಅಷ್ಟೇ ಇದ್ದರೂ ಅಂಕಿ ಇಳಿಯುತ್ತದೆ. ಬಿಸಿಲು, ತೇವ ಎರಡೂ ಅದನ್ನು ಕೆಡಿಸುತ್ತವೆ. ಬೆಂಗಳೂರಿನ ತಂಪಿನಲ್ಲಿ ಸರಿಮಾಡಿ ತಂದದ್ದು ನಮ್ಮ ಮೇ ತಿಂಗಳ ಬಿಸಿಲಲ್ಲಿ ನಿಜ ಹೇಳೀತೆಂಬ ಭರವಸೆಯಿಲ್ಲ. ಇನ್ನೊಂದು ಚೇಷ್ಟೆ: ನೈಟ್ರೋಜನ್ ಡೈಆಕ್ಸೈಡಿನ ಸೆಲ್, ಬಿಸಿಲಲ್ಲಿ ಹುಟ್ಟುವ ಓಜೋನಿಗೂ ಓಗೊಡುತ್ತದೆ. ಜೋಳ ತೂಗಲು ಹೋಗಿ ಚೀಲವನ್ನೂ ತೂಗಿದಂತೆ.

ಆದ್ದರಿಂದ ಅಗ್ಗದ ಯಂತ್ರವನ್ನು ದೊಡ್ಡ ಯಂತ್ರದ ಮಗ್ಗುಲಲ್ಲಿ ಕೆಲವು ವಾರ ಇಟ್ಟು ಅಂಕಿ ತಾಳೆ ನೋಡಬೇಕು; ಬೇಸಿಗೆಗೊಮ್ಮೆ, ಮಳೆಗಾಲಕ್ಕೊಮ್ಮೆ, ಚಳಿಗೊಮ್ಮೆ. ಇದಕ್ಕೆ ಹಣ ಬೇಕು, ಕಲಿತ ಕೈ ಬೇಕು. ಯಂತ್ರ ಕೊಳ್ಳುವಾಗ ಹಾರ ತುರಾಯಿ, ಫೋಟೋ. ಸಿಲಿಂಡರು ಕೊಳ್ಳುವಾಗ ಯಾರೂ ಬರುವುದಿಲ್ಲ.

ಹೊಗೆ ಕುಡಿಯುವವರು ಯಾರು? ಬಸ್ ನಿಲ್ದಾಣದ ಹಮಾಲ, ರಸ್ತೆ ಬದಿಯ ಚಹದಂಗಡಿಯವ, ಗಿರಣಿ ಪಾಳಿ ಮುಗಿಸಿ ಲಾರಿಗಳ ನಡುವೆ ನಡೆದುಹೋಗುವವ. ಕೆಮ್ಮು ಹಿಡಿದು ಅವರು ದೂರು ಕೊಟ್ಟಾಗ ಫಲಕ ಹಸಿರು ತೋರಿಸಿದರೆ ಅವರೇ ಸುಳ್ಳರಾಗುತ್ತಾರೆ.

ನಮ್ಮ ಬೇಡಿಕೆ ಇಷ್ಟೆ. ಗಾಳಿಯ ಅಂಕಿ ತೋರಿಸುವ ಪ್ರತಿ ಫಲಕದ ಕೆಳಗೆ, ಯಂತ್ರವನ್ನು ಕೊನೆಗೆ ಪರೀಕ್ಷಿಸಿದ ತಾರೀಖು, ಆಗ ಕಂಡ ತಪ್ಪು ಎಷ್ಟು, ಸಹಿ ಮಾಡಿದವರು ಯಾರು, ಇವನ್ನು ಕನ್ನಡದಲ್ಲಿ ಬರೆದಿರಬೇಕು.