ಯೂರಿಯಾ ಅಗ್ಗ, ಬಾವಿ ನೀರು ದುಬಾರಿ
(ರೈತರ ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಲೆಯ ಬಗ್ಗೆ, ಸಾಲದ ಬಗ್ಗೆ ಬೆಳಗಿನಿಂದ ಮಾತಾಡಿದ್ದೀರಿ. ನನಗೆ ಕೊಟ್ಟಿರುವ ವಿಷಯ ಕುಡಿಯುವ ನೀರು. ಇದು ಬೇರೆ ವಿಷಯ, ಇವರು ಯಾರೋ ಪರಿಸರದವರು ಬಂದಿದ್ದಾರೆ ಅಂತ ಎದ್ದು ಹೋಗಬೇಡಿ. ಇದೂ ಬೆಲೆಯ ಮಾತೇ, ಇದೂ ಸಾಲದ ಮಾತೇ. ಯಾವ ಸೊಸೈಟಿಯ ಪುಸ್ತಕದಲ್ಲೂ ಬರೆಯದ ಒಂದು ಸಾಲ ನಮ್ಮ ಬಾವಿಯೊಳಗೆ ಬೆಳೀತಾ ಇದೆ. ಅದರ ಲೆಕ್ಕ ಬಿಡಿಸೋಣ.

ಕೇಂದ್ರ ಅಂತರ್ಜಲ ಮಂಡಳಿ ದೇಶದ 15,000ಕ್ಕೂ ಹೆಚ್ಚು ಕಡೆ ನೀರು ತೆಗೆದು ಪರೀಕ್ಷೆ ಮಾಡಿ 2024ರಲ್ಲಿ ವರದಿ ಕೊಟ್ಟಿತು. ನೈಟ್ರೇಟ್ ಅನ್ನೋ ಲವಣ ಒಂದು ಲೀಟರ್ ನೀರಿನಲ್ಲಿ 45 ಮಿಲಿಗ್ರಾಂ ಮೀರಬಾರದು ಅಂತ ನಮ್ಮ ದೇಶದ ಮಿತಿ. ಈ ಮಿತಿ ಮೀರಿದ್ದು ದೇಶದಲ್ಲಿ ನೂರಕ್ಕೆ ಸುಮಾರು 20 ಕಡೆ. ಕರ್ನಾಟಕದಲ್ಲಿ? ನೂರಕ್ಕೆ ಸುಮಾರು 49 ಕಡೆ. ನಮಗಿಂತ ಸ್ವಲ್ಪ ಮುಂದೆ ಇರೋದು ರಾಜಸ್ಥಾನ ಒಂದೇ. ಅಂದರೆ ಈ ರಾಜ್ಯದಲ್ಲಿ ಎರಡು ಕಡೆ ನೀರು ತೆಗೆದರೆ ಒಂದು ಕಡೆಯದು ಮಗುವಿಗೆ ಕುಡಿಸುವಂತಿಲ್ಲ.

ಮಗು ಅಂತ ಯಾಕೆ ಹೇಳಿದೆ ಅಂದರೆ, ಮೊದಲ ಏಟು ಬೀಳೋದು ಅದಕ್ಕೇ. 1945ರಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ ಹಂಟರ್ ಕಾಮ್ಲಿ ಎಂಬ ವೈದ್ಯರು ಹಸುಗೂಸುಗಳ ತುಟಿ, ಉಗುರು, ಮೈ ನೀಲಿಯಾಗುವುದನ್ನು ಕಂಡು ಕಾರಣ ಹುಡುಕಿದರು. ಆ ಮಕ್ಕಳೆಲ್ಲ ರೈತರ ಮನೆಯವರು. ಕುಡಿಸುವ ಹಾಲಿಗೆ ಬೆರೆಸಿದ ನೀರು ಮನೆಯ ಬಾವಿಯದು. ನೈಟ್ರೇಟು ಕೂಸಿನ ಹೊಟ್ಟೆಯಲ್ಲಿ ನೈಟ್ರೈಟ್ ಆಗಿ ರಕ್ತಕ್ಕೆ ಸೇರುತ್ತೆ. ಆಗ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳಕೊಳ್ಳುತ್ತೆ. ಆರು ತಿಂಗಳೊಳಗಿನ, ತಾಯಿಹಾಲು ಬಿಟ್ಟು ಮೇಲುಹಾಲು ಕುಡಿಯುವ ಕೂಸಿಗೆ ಅಪಾಯ ಹೆಚ್ಚು. ಹಸು, ಎಮ್ಮೆ, ಕುರಿಗಳಿಗೂ ಇದು ವಿಷವೇ. ಅವುಗಳ ಹೊಟ್ಟೆಯಲ್ಲೂ ಇದೇ ಬದಲಾವಣೆ ನಡೆಯುತ್ತೆ.

ಕಾಯಿಸಿ ಕುಡಿದರೆ ಆಯ್ತು ಅಂತೀರಿ. ಆಗೋದಿಲ್ಲ. ಕಾಯಿಸಿದರೆ ಕ್ರಿಮಿ ಸಾಯುತ್ತೆ, ನೈಟ್ರೇಟ್ ಹೋಗೋದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಇನ್ನೂ ಗಟ್ಟಿಯಾಗುತ್ತೆ. ಬಟ್ಟೆಯಲ್ಲಿ ಸೋಸಿದರೂ ಹೋಗೋದಿಲ್ಲ. ಬಣ್ಣ, ವಾಸನೆ ಏನೂ ಇಲ್ಲ. ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಂಡು ಬರುತ್ತೇವೆ. ಅಪ್ಪ ತೋಡಿಸಿದ ಬಾವಿ ಹಿತ್ತಲಲ್ಲಿದೆ, ಮಗ ದುಡ್ಡು ಕೊಟ್ಟು ನೀರು ತರುತ್ತಾನೆ. ಆ ಯಂತ್ರ ನೈಟ್ರೇಟನ್ನು ನಾಶ ಮಾಡೋದಿಲ್ಲ, ಒಂದಿಷ್ಟು ನೀರಿನ ಜೊತೆ ಬೇರ್ಪಡಿಸಿ ಚರಂಡಿಗೆ ಬಿಡುತ್ತೆ. ಚರಂಡಿಯಿಂದ ಅದು ಮತ್ತೆ ನೆಲಕ್ಕೇ ಇಳಿಯುತ್ತೆ.

ಇದು ಎಲ್ಲಿಂದ ಬಂತು? ಪಟ್ಟಣದವರ ಪಾಲು ಇದೆ. ಬೆಂಗಳೂರು ಕಾವೇರಿಯ ಒಳ್ಳೇ ನೀರು ಕುಡಿದು, ಹೊಲಸು ನೀರನ್ನು ವೃಷಭಾವತಿಯಲ್ಲಿ ಬಿಟ್ಟು ಬಿಡದಿ ಹತ್ತಿರದ ಬೈರಮಂಗಲ ಕೆರೆ ತುಂಬಿಸಿದೆ. ಅಲ್ಲಿನ ರೈತರಿಗೆ ನ್ಯಾಯ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾವ ಕಾರ್ಖಾನೆಯೂ ಇಲ್ಲದ, ಯಾವ ಪಟ್ಟಣದ ಮೋರಿಯೂ ಬಾರದ ಊರಿನ ಬಾವಿಯಲ್ಲೂ ನೈಟ್ರೇಟ್ ಇದೆಯಲ್ಲ, ಅದನ್ನು ಯಾರ ತಲೆಗೆ ಕಟ್ಟೋಣ? ಅಲ್ಲಿ ಮೂಲ ಮೂರೇ: ಗೊಬ್ಬರದ ಚೀಲ, ಬಾವಿಯ ಪಕ್ಕದ ತಿಪ್ಪೆ, ಕಕ್ಕಸು ಗುಂಡಿ.

ಮೊದಲು ಚೀಲ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಮಣ್ಣಿಗೆ ಬಿದ್ದ ಕೆಲವು ದಿನಕ್ಕೆ ಅದು ಅಮೋನಿಯಾ ಆಗುತ್ತೆ, ಆಮೇಲೆ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಅಮೋನಿಯಾ ರೂಪವನ್ನು ಜೇಡಿಮಣ್ಣು ಹಿಡಿದಿಟ್ಟುಕೊಳ್ಳುತ್ತೆ, ನೈಟ್ರೇಟನ್ನು ಹಿಡಿಯೋದಿಲ್ಲ. ಬೇರು ಹೀರಿದ್ದು ಹೀರಿತು, ಮಿಕ್ಕಿದ್ದು ನೀರಿನ ಜೊತೆ ಕೆಳಗೆ. ಹಾಕಿದ್ದರಲ್ಲಿ ಬೆಳೆ ಹಿಡಿಯೋದು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ. ಉಳಿದದ್ದರಲ್ಲಿ ಒಂದು ಪಾಲು ಗಾಳಿಗೆ, ಒಂದು ಪಾಲು ಹಳ್ಳಕ್ಕೆ, ಒಂದು ಪಾಲು ಬಾವಿಗೆ. ನಮ್ಮದು ಬಂಡೆಗಲ್ಲಿನ ನಾಡು. ಬಿರುಕು ಸಿಕ್ಕಿದ ಕಡೆ ನೀರು ನೇರ ಇಳಿಯುತ್ತೆ.

ಹಾಗಾದರೆ ರೈತ ಯಾಕೆ ಅಷ್ಟು ಯೂರಿಯಾ ಸುರಿಯುತ್ತಾನೆ? ಅವನೇನು ದಡ್ಡನೇ? ಅಲ್ಲ. ಬೆಲೆ ಅವನ ಕೈ ಹಿಡಿದು ಸುರಿಸುತ್ತೆ. ಈಗ 45 ಕೆ.ಜಿ. ಯೂರಿಯಾ ಚೀಲಕ್ಕೆ 266 ರೂಪಾಯಿ 50 ಪೈಸೆ. ಅದರಲ್ಲಿ ಸಾರಜನಕ ಸುಮಾರು 20 ಕೆ.ಜಿ. 700 ಗ್ರಾಂ. ಅಂದರೆ ಒಂದು ಕೆ.ಜಿ. ಸಾರಜನಕಕ್ಕೆ 13 ರೂಪಾಯಿ. 50 ಕೆ.ಜಿ. ಡಿ.ಎ.ಪಿ. ಚೀಲಕ್ಕೆ 1,350. ಅದರಲ್ಲಿರುವ ಸಾರಜನಕದ ಬೆಲೆ ಕಳೆದು ನೋಡಿ, ಒಂದು ಕೆ.ಜಿ. ರಂಜಕಕ್ಕೆ 53 ರೂಪಾಯಿಗೂ ಮೇಲೆ ಬೀಳುತ್ತೆ. ನಾಲ್ಕು ಪಟ್ಟು! ಕೈಯಲ್ಲಿ ಕಾಸಿಲ್ಲದವನು ಯಾವ ಚೀಲ ಹೊರುತ್ತಾನೆ?

ಇದು ಇವತ್ತಿನದಲ್ಲ. 1992ರ ಆಗಸ್ಟ್ 25ರಂದು ಕೇಂದ್ರ ಸರ್ಕಾರ ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆ ನಿಯಂತ್ರಣ ತೆಗೆದು ಹಾಕಿತು. ಯೂರಿಯಾ ಬೆಲೆಯನ್ನು ಮಾತ್ರ ತನ್ನ ಕೈಯಲ್ಲೇ ಇಟ್ಟುಕೊಂಡು ಇನ್ನಷ್ಟು ಇಳಿಸಿತು. ಒಂದು ಪಾಲು ಪೊಟ್ಯಾಷಿಗೆ ಎರಡು ಪಾಲು ರಂಜಕ, ನಾಲ್ಕು ಪಾಲು ಸಾರಜನಕ ಇರಬೇಕು ಅಂತ ಸರ್ಕಾರದ ತಜ್ಞರದೇ ಲೆಕ್ಕ. 1991-92ರಲ್ಲಿ ಪೊಟ್ಯಾಷ್ ಒಂದು ಪಾಲಾದರೆ ಸಾರಜನಕ 5.9 ಪಾಲು ಇತ್ತು. ಮರುವರ್ಷವೇ ಅದು 9.5ಕ್ಕೆ ಹಾರಿತು. ಒಂದೇ ವರ್ಷದಲ್ಲಿ ದೇಶದ ರೈತರೆಲ್ಲ ಬೇಸಾಯ ಮರೆತರೇ? ಇಲ್ಲ, ಬೆಲೆ ಬದಲಾಯಿತು. ಮತ್ತೆ 2010ರಲ್ಲಿ ಪೋಷಕಾಂಶದ ಲೆಕ್ಕದಲ್ಲಿ ಸಬ್ಸಿಡಿ ಅಂತ ತಂದರು. ಆಗಲೂ ಯೂರಿಯಾವನ್ನು ಹೊರಗಿಟ್ಟರು. ದೆಹಲಿಯಲ್ಲಿ ಕೂತು ಬರೆದ ಬೆಲೆ ನಮ್ಮ ಬಾವಿಯ ತಳದಲ್ಲಿ ಕೂತಿದೆ.

ಆದ್ದರಿಂದ ಯೂರಿಯಾ ಬೆಲೆ ಏರಿಸಿ ಅಂತ ನಾನು ಹೇಳುತ್ತೇನೆ ಅಂದುಕೊಳ್ಳಬೇಡಿ. ಅದೊಂದನ್ನೇ ಏರಿಸಿ ಉಳಿದದ್ದನ್ನು ಹಾಗೇ ಬಿಟ್ಟರೆ ರೈತನ ಕುತ್ತಿಗೆಗೆ ಇನ್ನೊಂದು ಕುಣಿಕೆ. ನಾವು ಕೇಳಬೇಕಾದ್ದು ಬೇರೆ. ಯೂರಿಯಾಕ್ಕೆ ಸುರಿಯುವ ಹಣದಲ್ಲಿ ಒಂದು ಪಾಲು ರಂಜಕ, ಪೊಟ್ಯಾಷಿಗೆ ಬರಲಿ, ಕೊಟ್ಟಿಗೆ ಗೊಬ್ಬರಕ್ಕೆ, ಹಿಂಡಿಗೆ, ಹಸಿರು ಗೊಬ್ಬರದ ಬೀಜಕ್ಕೆ ಬರಲಿ. ತೊಗರಿ, ಅವರೆ, ಹುರುಳಿ, ಕಡಲೆ ಗಾಳಿಯಿಂದಲೇ ಸಾರಜನಕ ಹಿಡಿಯುವ ಬೆಳೆಗಳು. ಅವಕ್ಕೆ ನಿಜವಾದ ಬೆಲೆ, ನಿಜವಾದ ಖರೀದಿ ಇರಲಿ. ರಾಗಿ ಹೊಲದ ಅಕ್ಕಡಿ ಸಾಲನ್ನು ನಾವು ಬಿಟ್ಟಿದ್ದು ಸೋಮಾರಿತನದಿಂದಲ್ಲ, ಬೆಲೆ ಗಿಟ್ಟದ್ದರಿಂದ.

ಸರ್ಕಾರ ಕೊಡುವ ತನಕ ಕಾಯುತ್ತಾ ಕೂರಬೇಕೇ? ಬೇಡ. ನಮ್ಮ ಕೈಯಲ್ಲಿ ಇರೋದನ್ನ ಇವತ್ತೇ ಮಾಡಬಹುದು.

ಮೊದಲನೆಯದು, ಬಾವಿಯ ನೀರನ್ನು ಪರೀಕ್ಷೆ ಮಾಡಿಸಿ, ಆ ಸಂಖ್ಯೆಯನ್ನು ಗೊಬ್ಬರದ ಲೆಕ್ಕಕ್ಕೆ ಹಿಡಿಯಿರಿ. ಒಂದು ಎಕರೆಗೆ ಒಂದು ಅಂಗುಲ ನೀರು ಅಂದರೆ ಒಂದು ಲಕ್ಷ ಲೀಟರಿಗೂ ಸ್ವಲ್ಪ ಹೆಚ್ಚು. ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಇದ್ದರೆ ಆ ಒಂದು ಅಂಗುಲದಲ್ಲಿ ಒಂದು ಕೆ.ಜಿ. ಸಾರಜನಕ ಇದೆ. ಬೆಳೆಗೆ 20 ಅಂಗುಲ ಹಾಯಿಸಿದರೆ 20 ಕೆ.ಜಿ., ಅಂದರೆ ಹೆಚ್ಚೂಕಡಿಮೆ ಒಂದು ಚೀಲ ಯೂರಿಯಾ! ಲೀಟರಿಗೆ 90 ಇದ್ದರೆ ಎರಡು ಚೀಲ. ಎಲ್ಲಾ ಬೆಳೆಗೆ ಸಿಗೋದಿಲ್ಲ ಅನ್ನಿ, ಅರ್ಧ ಸಿಕ್ಕರೂ ಅಷ್ಟನ್ನು ಅಂಗಡಿಯಿಂದ ಹೊರಬೇಕಿಲ್ಲ. ಕುಡಿಯಲು ವಿಷ, ಬೆಳೆಗೆ ಗೊಬ್ಬರ. ಕೆಟ್ಟ ಬಾವಿಯನ್ನು ತೊಳೆಯುವ ದಾರಿಯೂ ಇದೇ: ನೀರಿನಲ್ಲಿರುವುದನ್ನು ಬೆಳೆಯ ಕೈಯಿಂದ ತೆಗೆಸೋದು, ಮೇಲಿಂದ ಸುರಿಯೋದನ್ನ ಅಷ್ಟು ಕಡಿಮೆ ಮಾಡೋದು.

ಎರಡನೆಯದು, ಯೂರಿಯಾವನ್ನು ಒಂದೇ ಸಲ ಎರಚಬೇಡಿ. ಎರಡು, ಮೂರು ಕಂತಿನಲ್ಲಿ, ಬೆಳೆ ಕೇಳಿದಾಗ ಕೊಡಿ. ಮೋಡ ಕಟ್ಟಿ ಜೋರು ಮಳೆ ಬರುವ ಸೂಚನೆ ಇದ್ದರೆ ಚೀಲ ಬಿಚ್ಚಬೇಡಿ. ಗದ್ದೆಗೆ ಗೊಬ್ಬರ ಹಾಕಿದ ಮೇಲೆ ಕೆಲವು ದಿನ ಮಡೆ ಕಟ್ಟಿ ನೀರು ಹೊರಗೆ ಹರಿಯದಂತೆ ನೋಡಿಕೊಳ್ಳಿ. ಭತ್ತದ ಎಲೆಯ ಹಸಿರು ಎಷ್ಟಿದೆ ಅಂತ ಹೋಲಿಸಿ ನೋಡುವ ಬಣ್ಣದ ಪಟ್ಟಿ ಇದೆ. ಕೃಷಿ ಇಲಾಖೆಯವರನ್ನು ಕೇಳಿ ತರಿಸಿಕೊಳ್ಳಿ.

ಮೂರನೆಯದು, ತಿಪ್ಪೆ ಮತ್ತು ಕಕ್ಕಸು ಗುಂಡಿ. ಕಾಮ್ಲಿಯವರು ಕಂಡ ಅಯೋವಾದ ಬಾವಿಗಳು ಕೆಟ್ಟಿದ್ದು ಯೂರಿಯಾ ಚೀಲದಿಂದಲ್ಲ. ಹೆಚ್ಚಿನವು ಆಳವಿಲ್ಲದ, ಕಟ್ಟಡ ಸರಿಯಿಲ್ಲದ, ಕೊಟ್ಟಿಗೆಗೂ ಕಕ್ಕಸಿಗೂ ಹತ್ತಿರದ ಬಾವಿಗಳು. ಇವೆರಡನ್ನೂ ಬಾವಿಯಿಂದ ಕನಿಷ್ಠ 50 ಅಡಿ ದೂರ, ಇಳಿಜಾರಿನ ಕೆಳಗೆ ಇಡಿ. ಗಂಜಲ ಹರಿದು ಹೋಗಲು ಬಿಡದೆ ಗೊಬ್ಬರದ ಗುಂಡಿಗೇ ಸೇರಿಸಿ, ಅದೂ ದುಡ್ಡೇ. ಬತ್ತಿದ ಬೋರಿನ ಬಾಯಿ ಮುಚ್ಚಿ. ತೆರೆದಿಟ್ಟ ಬೋರು ಹೊಲದ ನೀರನ್ನು ಸೋಸದೆ ನೇರ ಕೆಳಕ್ಕೆ ಕಳಿಸುವ ಕೊಳವೆ. ಮಳೆನೀರು ಇಂಗಿಸುವವರು ಗೊಬ್ಬರ ಎರಚಿದ ಹೊಲದ ನೀರನ್ನು ಬೋರಿಗೆ ತಿರುಗಿಸಬೇಡಿ.

ನಾಲ್ಕನೆಯದು ಪಂಚಾಯಿತಿಯಲ್ಲಿ. 2019ರಲ್ಲಿ ಶುರುವಾದ ಜಲ ಜೀವನ್ ಯೋಜನೆಯಲ್ಲಿ ಪ್ರತಿ ಊರಿನ ಐದು ಜನ ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸಬೇಕು, ಅದಕ್ಕೆ ಪೆಟ್ಟಿಗೆ ಕೊಡಬೇಕು ಅಂತ ಇದೆ. ನಿಮ್ಮ ಊರಿನ ಪೆಟ್ಟಿಗೆ ಎಲ್ಲಿದೆ ಕೇಳಿ. ಯಾವ ಬೋರಿನಲ್ಲಿ ನೈಟ್ರೇಟ್ ಎಷ್ಟು, ಫ್ಲೋರೈಡ್ ಎಷ್ಟು ಅನ್ನೋದನ್ನ ಸುಣ್ಣದ ಗೋಡೆ ಮೇಲೆ ಬರೆಸಿ. ಸಾಲಗಾರರ ಹೆಸರನ್ನು ನೋಟಿಸ್ ಬೋರ್ಡಿಗೆ ಹಾಕಲು ಬರುತ್ತೆ, ನೀರಿನ ಲೆಕ್ಕ ಹಾಕಲು ಬರೋದಿಲ್ಲವೇ?

ಇಷ್ಟು ಮಾಡಿದರೆ ನೀರು ಸರಿಹೋಗುತ್ತಾ ಅಂತ ಕೇಳುತ್ತೀರಿ. ಹೊಲದ ಸಾರಜನಕ ಹಳ್ಳ ಹಿಡಿದು, ಹೊಳೆ ಹಿಡಿದು ಸಮುದ್ರದ ತನಕ ಹೋಗುತ್ತೆ. ಯುರೋಪಿನ ಡಾನ್ಯೂಬ್ ನದಿ ಹೊತ್ತು ತಂದ ಗೊಬ್ಬರದಿಂದ ಕಪ್ಪು ಸಮುದ್ರದಲ್ಲಿ ಪಾಚಿ ಬೆಳೆದು, ಕೊಳೆತು, ಉಸಿರು ಸಿಗದೆ 1980ರ ದಶಕದಲ್ಲಿ ಮೀನು ಸತ್ತವು. 1990ರ ಸುಮಾರಿಗೆ ಅಲ್ಲಿನ ಸರ್ಕಾರಗಳು ಬಿದ್ದು ಗೊಬ್ಬರ ಕೊಳ್ಳುವವರೇ ಇಲ್ಲವಾದಾಗ, ಕೆಲವೇ ವರ್ಷದಲ್ಲಿ ಆ ಸತ್ತ ಭಾಗ ಬಹಳಷ್ಟು ಕುಗ್ಗಿತು. ಸುರಿಯೋದು ನಿಂತರೆ ನೀರು ಚೇತರಿಸಿಕೊಳ್ಳುತ್ತೆ ಅನ್ನೋದಕ್ಕೆ ಅದು ಸಾಕ್ಷಿ. ಅಲ್ಲಿ ಅದು ಕಷ್ಟದಿಂದ ಆಯಿತು. ನಾವು ಲೆಕ್ಕ ಹಾಕಿ, ಬೆಳೆ ಕಳಕೊಳ್ಳದೆ ಮಾಡಬಹುದು.

ಆದರೆ ಸಮುದ್ರದಷ್ಟು ಬೇಗ ಬಾವಿ ಚೇತರಿಸಿಕೊಳ್ಳೋದಿಲ್ಲ. ನೆಲದೊಳಗಿನ ನೀರು ನಿಧಾನ. ಈ ಸಲದ ಮುಂಗಾರಿನಲ್ಲಿ ನಾವು ಎರಚಿದ ಚೀಲವನ್ನು ನಮ್ಮ ಮೊಮ್ಮಕ್ಕಳೂ ಕುಡಿಯಬೇಕಾಗಬಹುದು. ಬ್ಯಾಂಕಿನ ಸಾಲಕ್ಕೆ ಮನ್ನಾ ಕೇಳಬಹುದು, ಬಡ್ಡಿ ಬಿಡಿ ಅಂತ ಧರಣಿ ಕೂರಬಹುದು. ಬಾವಿಯ ಸಾಲವನ್ನು ಮನ್ನಾ ಮಾಡುವ ಮಂತ್ರಿ ಯಾರೂ ಇಲ್ಲ. ಮುಂದಿನ ತಿಂಗಳ ಸಭೆಗೆ ಬರುವಾಗ ನಿಮ್ಮ ನಿಮ್ಮ ಬಾವಿಯ ನೀರಿನ ಪರೀಕ್ಷೆಯ ಚೀಟಿ ತನ್ನಿ. ಗೊಬ್ಬರದ ಬೆಲೆಯ ಬೇಡಿಕೆಯನ್ನು ಆ ಚೀಟಿಗಳನ್ನು ಮುಂದಿಟ್ಟುಕೊಂಡೇ ಬರೆಯೋಣ.