ಕಪಾಟಿನ ಕೀಲಿಕೈ ಮಕ್ಕಳ ಕೈಯಲ್ಲಿರಲಿ

(ಶಾಲಾ ಗ್ರಂಥಾಲಯ ಸಂಘದ ಕುರಿತು ಶಿಕ್ಷಕ-ರಕ್ಷಕ ಸಭೆಯಲ್ಲಿ ನೀಡಿದ ಭಾಷಣದ ಲಿಖಿತ ರೂಪ)



ನಮ್ಮ ಊರಿನ ಶಾಲೆಗಳಲ್ಲಿ ಗ್ರಂಥಾಲಯವೇ ಇಲ್ಲವೆಂದು ನಾವು ಹೇಳುವಂತಿಲ್ಲ. ಹೆಚ್ಚಿನ ಕಡೆ ಅದು ಮುಖ್ಯೋಪಾಧ್ಯಾಯರ ಕೋಣೆಯಲ್ಲೊಂದು ಕಪಾಟಿನ ರೂಪದಲ್ಲಿದೆ. ಅದಕ್ಕೊಂದು ಬೀಗವೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು, ಪತ್ರಿಕೆಗಳು ಮತ್ತು ಕಥೆಪುಸ್ತಕಗಳ ಸಹಿತ ಎಲ್ಲ ವಿಷಯಗಳ ಗ್ರಂಥಗಳಿರುವ ಗ್ರಂಥಾಲಯವು ಪ್ರತಿ ಶಾಲೆಯಲ್ಲೂ ಇರಬೇಕೆಂದು ವಿಧಿಸಿದೆ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯು ಸರಕಾರಿ ಶಾಲೆಗಳಿಗೆ ಅವುಗಳ ಹಂತಕ್ಕನುಗುಣವಾಗಿ 5 ಸಾವಿರದಿಂದ 20 ಸಾವಿರ ರೂಪಾಯಿಗಳ ವರೆಗೆ ಗ್ರಂಥಾಲಯ ಅನುದಾನವನ್ನು ನಿಗದಿಪಡಿಸಿತು. ಪುಸ್ತಕಗಳು ಬಂದವು. ಆದರೆ ಓದುಗರು ಬಂದರೇ?

ಇದಕ್ಕಾಗಿ ಶಿಕ್ಷಕರನ್ನು ದೂಷಿಸುವುದು ನ್ಯಾಯವಲ್ಲ. ಪುಸ್ತಕ ಕಳೆದುಹೋದರೆ ದಾಸ್ತಾನು ವಹಿಯ ಮುಂದೆ ಉತ್ತರಿಸಬೇಕಾದವರು ಅವರೇ. ಪಾಠ, ಬಿಸಿಯೂಟದ ಲೆಕ್ಕ, ದಾಖಲೆಗಳ ನಡುವೆ ಪುಸ್ತಕ ವಿತರಿಸಲು ಅವರಿಗೆ ಬಿಡುವೆಲ್ಲಿದೆ? ಹೀಗಾಗಿ ಪುಸ್ತಕ ಸುರಕ್ಷಿತವಾಗಿ ಉಳಿಯುತ್ತದೆ, ಮಗು ಓದಿಲ್ಲದೆ ಬೆಳೆಯುತ್ತದೆ.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ ಮೂಲತಃ ಗಣಿತದ ಅಧ್ಯಾಪಕರು. 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಅವರು 1931ರಲ್ಲಿ ಗ್ರಂಥಾಲಯದ ಪಂಚಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕವಿರುವುದು ಬಳಕೆಗಾಗಿ ಎಂಬುದೇ ಅವುಗಳಲ್ಲಿ ಮೊದಲನೆಯ ಸೂತ್ರದ ತಾತ್ಪರ್ಯ. ಓದುಗರು ನೇರವಾಗಿ ಕಪಾಟಿನ ಬಳಿಗೆ ಹೋಗಿ ಬೇಕಾದ ಗ್ರಂಥವನ್ನು ಆರಿಸಿಕೊಳ್ಳುವ ಪದ್ಧತಿಯನ್ನು ಅವರು ಎತ್ತಿಹಿಡಿದರು. 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದ ಅವರು ಅದೇ ನಗರದಲ್ಲಿ 1972ರಲ್ಲಿ ನಿಧನರಾದರು. ಪ್ರತಿವರ್ಷ ಆಗಸ್ಟ್ 12ರಂದು ಅವರ ನೆನಪಿನಲ್ಲಿ ಗ್ರಂಥಪಾಲಕರ ದಿನವನ್ನು ಆಚರಿಸುತ್ತೇವೆ. ಆ ದಿನ ಭಾವಚಿತ್ರಕ್ಕೆ ಹಾರ ಹಾಕಿ, ಕಪಾಟಿಗೆ ಬೀಗ ಹಾಕುವುದಾದರೆ ಆ ಆಚರಣೆಗೆ ಏನರ್ಥ?

ಆದ್ದರಿಂದ ನಮ್ಮ ಸಲಹೆ ಇಷ್ಟೆ: ಶಾಲೆಯಲ್ಲಿ ಗ್ರಂಥಾಲಯ ಸಂಘವೊಂದು ರಚನೆಯಾಗಲಿ, ಅದನ್ನು ಮಕ್ಕಳೇ ನಡೆಸಲಿ. ಆರನೆಯಿಂದ ಒಂಬತ್ತನೆಯ ತರಗತಿಯವರೆಗಿನ ಹನ್ನೆರಡು ಹದಿನೈದು ಮಕ್ಕಳು ಸಾಕು. ಅಂಕ ಹೆಚ್ಚು ಪಡೆದವರನ್ನೇ ಆರಿಸಬಾರದು. ಓದಲು ತಡವರಿಸುವ ಮಗುವಿಗೂ ಅಲ್ಲಿ ಸ್ಥಾನವಿರಬೇಕು. ಒಬ್ಬರು ವಿತರಣಾ ವಹಿಯಲ್ಲಿ ಪುಸ್ತಕದ ಸಂಖ್ಯೆ, ಒಯ್ದವರ ಹೆಸರು ಮತ್ತು ದಿನಾಂಕ ಬರೆಯಲಿ. ಇಬ್ಬರು ಹರಿದ ಹಾಳೆಗಳನ್ನು ಅಂಟಿಸಿ, ರಟ್ಟು ಕಟ್ಟಿ, ಹೊದಿಕೆ ಹಾಕಲಿ. ಹೊಣೆಗಳು ಪ್ರತಿ ತಿಂಗಳು ಬದಲಾಗಲಿ, ಇಲ್ಲವಾದರೆ ದೊಡ್ಡ ತರಗತಿಯವರೇ ಯಜಮಾನರಾಗಿಬಿಡುತ್ತಾರೆ. ಪುಸ್ತಕ ಕಳೆದರೆ ದಂಡ ಬೇಡ. ದಂಡಕ್ಕೆ ಹೆದರಿದ ಬಡ ಮನೆಯ ಮಗು ಮತ್ತೆ ಆ ಕಡೆಗೆ ತಲೆ ಹಾಕದು. ಕಳೆದುಹೋದ ಪುಸ್ತಕಗಳ ಪಟ್ಟಿಯನ್ನು ವರ್ಷದ ಕೊನೆಯಲ್ಲಿ ಶಾಲಾಭಿವೃದ್ಧಿ ಸಮಿತಿಯ ಮುಂದಿಟ್ಟು, ಆ ಹೊರೆಯನ್ನು ಶಿಕ್ಷಕರೊಬ್ಬರ ಹೆಗಲಿನಿಂದ ಇಳಿಸಬೇಕು. ಈ ಭರವಸೆಯನ್ನು ಹೆತ್ತವರಾದ ನಾವು ಕೊಡದ ಹೊರತು ಬೀಗ ತೆರೆಯದು.

ವಾರಕ್ಕೊಮ್ಮೆ ಸಂಘ ಸೇರಿದಾಗ ಏನು ಮಾಡಬೇಕು? ಒಬ್ಬ ವಿದ್ಯಾರ್ಥಿ ತಾನು ಓದಿದ ಕಥೆಯನ್ನು ಅರ್ಧಕ್ಕೆ ಹೇಳಿ ನಿಲ್ಲಿಸಲಿ. ಉಳಿದರ್ಧಕ್ಕಾಗಿ ಇತರರು ಆ ಪುಸ್ತಕವನ್ನು ಹುಡುಕುತ್ತಾರೆ. 'ಇದರ ನೀತಿ ಏನು?' ಎಂದು ಕೇಳುವ ಬದಲು 'ನಿನಗೆ ಎಲ್ಲಿ ಬೇಸರವಾಯಿತು?' ಎಂದು ಕೇಳಿ ನೋಡಿ, ಮಗು ಮನಬಿಚ್ಚಿ ಮಾತಾಡುತ್ತದೆ. ಒಂದೇ ಘಟನೆಯನ್ನು ಎರಡು ದಿನಪತ್ರಿಕೆಗಳು ಹೇಗೆ ವರದಿ ಮಾಡಿವೆ ಎಂಬುದನ್ನು ಅಕ್ಕಪಕ್ಕ ಇಟ್ಟು ಓದಿಸಿ. ಮೊಬೈಲಿನಲ್ಲಿ ಬಂದ ವದಂತಿಯನ್ನು ಹಿಂದುಮುಂದು ನೋಡದೆ ಹತ್ತು ಮಂದಿಗೆ ದಾಟಿಸುವ ಈ ಕಾಲದಲ್ಲಿ, 'ಇದನ್ನು ಹೇಳಿದವರು ಯಾರು, ಆಧಾರವೇನು?' ಎಂದು ಕೇಳುವ ಅಭ್ಯಾಸಕ್ಕಿಂತ ದೊಡ್ಡ ಪಾಠ ಯಾವುದಿದೆ?

ಇನ್ನು ಸಮಯದ ಪ್ರಶ್ನೆ. ಸಂಜೆ ಶಾಲೆ ಬಿಟ್ಟ ನಂತರ ಸಂಘವನ್ನು ನಡೆಸಿದರೆ ಹುಡುಗರು ಉಳಿಯುತ್ತಾರೆ, ಹುಡುಗಿಯರು ಮನೆ ಸೇರುತ್ತಾರೆ. ಮದ್ರಸ, ಟ್ಯೂಷನ್, ತಮ್ಮತಂಗಿಯರ ಆರೈಕೆ ಎಂದು ಅವರ ದಿನ ಮೊದಲೇ ತುಂಬಿರುತ್ತದೆ. ಆದ್ದರಿಂದ ವೇಳಾಪಟ್ಟಿಯೊಳಗೇ ಒಂದು ಅವಧಿ ಮೀಸಲಿರಲಿ. ಇದನ್ನು ಆಡಳಿತ ಮಂಡಳಿಯವರಲ್ಲಿ ಕೇಳಿ ಪಡೆಯಬೇಕಾದವರು ನಾವು.

ನಮ್ಮ ಮನೆಗಳಲ್ಲಿ ಬ್ಯಾರಿ, ಉರ್ದು, ನವಾಯತಿ ಮಾತುಗಳಿವೆ. ಶಾಲೆಯ ಕನ್ನಡವು ಮಗುವಿಗೆ ಪರೀಕ್ಷೆಯ ಭಾಷೆಯಾಗಿ ಮಾತ್ರ ಉಳಿಯುವ ಅಪಾಯವಿದೆ. ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಯನ್ನು ಸೇರಿದ ಬಾನು ಮುಷ್ತಾಕ್ ಅದೇ ಭಾಷೆಯಲ್ಲಿ ನಮ್ಮ ಹೆಣ್ಣುಮಕ್ಕಳ ಬದುಕನ್ನು ಬರೆದರು. ಆ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದ ಮೂಲಕ, 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ದೊರೆಯಿತು. ಎಲ್ಲ ಮಕ್ಕಳೂ ಲೇಖಕರಾಗಬೇಕಿಲ್ಲ. ಆದರೆ ನಾಳೆ ಸರಕಾರಿ ಕಚೇರಿಯ ಆದೇಶವನ್ನು ತಾವೇ ಓದಿ, ಅರ್ಜಿಯನ್ನು ತಾವೇ ಬರೆದು, ಅನ್ಯಾಯವಾದರೆ ತಮ್ಮದೇ ಮಾತಿನಲ್ಲಿ ಪ್ರಶ್ನಿಸುವವರಾಗಬೇಡವೇ?

ಮುಂದಿನ ಸಭೆಗೆ ಬರುವಾಗ ಫಲಿತಾಂಶದ ಜೊತೆಗೆ ಇನ್ನೊಂದನ್ನೂ ವಿಚಾರಿಸೋಣ: ಕಳೆದ ತಿಂಗಳು ಕಪಾಟಿನಿಂದ ಎಷ್ಟು ಪುಸ್ತಕಗಳು ಹೊರಬಂದವು? ವಿತರಣಾ ವಹಿಯನ್ನು ತಂದು ತೋರಿಸುವವರು ಮಕ್ಕಳೇ ಆಗಿರಲಿ.