ನೋಂದಣಿ ಮೇಜಿನಿಂದ ಎಣಿಕೆ ಮೇಜಿನವರೆಗೆ



ಅಮೆರಿಕದ ಪ್ರಜಾಪ್ರಭುತ್ವಕ್ಕೆ ಕುತ್ತು ಬಂದಿದೆ ಎಂಬ ಮಾತು ಈಚಿನ ವರ್ಷಗಳಲ್ಲಿ ಪತ್ರಿಕೆಗಳಲ್ಲೂ ಟಿವಿಯಲ್ಲೂ ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ. ಮಾತು ಸುಳ್ಳಲ್ಲ. ಆದರೆ ಈ ಕುತ್ತು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಆ ದೇಶದ ಚರಿತ್ರೆಯಲ್ಲಿ ಜನರ ಆಯ್ಕೆಯನ್ನು ಕಸಿದುಕೊಂಡವರು ಅಪರೂಪಕ್ಕೆ ಬಂದೂಕು ಹಿಡಿದು ಬಂದಿದ್ದಾರೆ. ಹೆಚ್ಚಿನ ಸಲ ಕಾಗದ, ಮೊಹರು, ಕಾನೂನಿನ ಕಲಮು ಹಿಡಿದೇ ಬಂದಿದ್ದಾರೆ. ಹಾಗಾಗಿ ಈ ಕಥೆಯನ್ನು ನಾನು ಎರಡು ಮೇಜುಗಳ ಸುತ್ತ ಹೇಳುತ್ತೇನೆ. ಒಂದು, ಮತದಾರರ ಹೆಸರು ಬರೆದುಕೊಳ್ಳುವ ಮೇಜು. ಇನ್ನೊಂದು, ಬಿದ್ದ ಮತಗಳನ್ನು ಎಣಿಸಿ ಸಹಿ ಹಾಕುವ ಮೇಜು.

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆದವರು ಮತದಾನದ ಹಕ್ಕು ಯಾರಿಗೆ ಎಂದು ಹೇಳಲೇ ಇಲ್ಲ. ಅದನ್ನು ರಾಜ್ಯಗಳಿಗೆ ಬಿಟ್ಟರು. ರಾಜ್ಯಗಳು ಮೊದಮೊದಲು ಆಸ್ತಿಯುಳ್ಳ ಬಿಳಿಯ ಗಂಡಸರಿಗೆ ಕೊಟ್ಟವು. ಗುಲಾಮರಿಗೆ ಮತವಿರಲಿಲ್ಲ, ಆದರೂ ದಕ್ಷಿಣದ ರಾಜ್ಯಗಳಿಗೆ ಎಷ್ಟು ಸ್ಥಾನ ಸಿಗಬೇಕು ಎಂದು ಲೆಕ್ಕ ಹಾಕುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸಿದರು. ಅಂದರೆ ಒಬ್ಬ ಮನುಷ್ಯನನ್ನು ಎಣಿಸಿ, ಆ ಎಣಿಕೆಯ ಲಾಭವನ್ನು ಅವನ ಒಡೆಯನ ಕೈಗೆ ಕೊಟ್ಟರು. ಈ ಅನ್ಯಾಯ ಅಡಿಪಾಯದಲ್ಲೇ ಇತ್ತು.

ಇನ್ನೊಂದು ಸಂಗತಿ ನಮ್ಮ ಕೇಳುಗರಿಗೆ ವಿಚಿತ್ರ ಎನಿಸಬಹುದು. ನಮ್ಮಲ್ಲಿ ಮತದಾರರ ಪಟ್ಟಿ ಚುನಾವಣಾ ಆಯೋಗದ ಹೊಣೆ. ಬೂತ್ ಮಟ್ಟದ ಅಧಿಕಾರಿ ಮನೆ ಬಾಗಿಲಿಗೆ ಬರುತ್ತಾರೆ. ಅಮೆರಿಕದಲ್ಲಿ ಇಡೀ ದೇಶದ ಮತದಾನ ನಡೆಸುವ ಒಂದು ಆಯೋಗವೇ ಇಲ್ಲ. ಫೆಡರಲ್ ಎಲೆಕ್ಷನ್ ಕಮಿಷನ್ ಎಂಬುದೊಂದಿದೆ, ಅದರ ಕೆಲಸ ಪ್ರಚಾರದ ಹಣದ ಲೆಕ್ಕ ನೋಡುವುದು. ಮತದಾನ ನಡೆಸುವುದು ರಾಜ್ಯಗಳು, ಕೌಂಟಿಗಳು, ಊರಾಡಳಿತಗಳು. ಬಹುಕಾಲದಿಂದ ಅಲ್ಲಿ ಹೆಸರು ಬರೆಸಿಕೊಳ್ಳುವುದು ಪ್ರಜೆಯ ಪಾಡು. ಹಾಗಾಗಿ ಆ ಮೇಜಿನ ಹಿಂದೆ ಕೂತ ಗುಮಾಸ್ತನ ಮರ್ಜಿಗೆ ಅಷ್ಟೊಂದು ಬೆಲೆ ಬಂತು.

ಅಂತರ್ಯುದ್ಧ ಮುಗಿದು, ಗುಲಾಮಗಿರಿ ಹೋಗಿ, 1870ರಲ್ಲಿ 15ನೇ ತಿದ್ದುಪಡಿ ಬಂತು. ಜನಾಂಗ, ಬಣ್ಣದ ಕಾರಣಕ್ಕೆ ಮತ ನಿರಾಕರಿಸುವಂತಿಲ್ಲ ಎಂದಿತು. ಅದೇ ವರ್ಷ ಮಿಸಿಸಿಪಿಯಿಂದ ಹೈರಮ್ ರೆವೆಲ್ಸ್ ಎಂಬ ಕಪ್ಪು ಪಾದ್ರಿ ಸೆನೆಟ್‌ಗೆ ಬಂದರು. ಆ ಕೆಲವು ವರ್ಷಗಳಲ್ಲಿ ಅಮೆರಿಕ ಏನಾಗಬಹುದಿತ್ತು ಎಂಬುದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

1876ರ ಅಧ್ಯಕ್ಷ ಚುನಾವಣೆ ಎಣಿಕೆ ಮೇಜಿನ ಮೇಲೆ ಕುಸಿಯಿತು. ಅಲ್ಲಿ ಅಧ್ಯಕ್ಷರನ್ನು ಆರಿಸುವುದು ರಾಜ್ಯಗಳು ಕಳಿಸುವ ಚುನಾಯಕರ ಮತಗಳು. ಡೆಮಾಕ್ರಟಿಕ್ ಅಭ್ಯರ್ಥಿ ಟಿಲ್ಡನ್‌ಗೆ 184 ಚುನಾಯಕ ಮತ, ರಿಪಬ್ಲಿಕನ್ ಅಭ್ಯರ್ಥಿ ಹೇಸ್‌ಗೆ 165. ಉಳಿದ 20 ಮತಗಳಿಗೆ ಜಗಳ. ಮೂರು ದಕ್ಷಿಣದ ರಾಜ್ಯಗಳಿಂದ ಎರಡೆರಡು ಬಗೆಯ ಪ್ರಮಾಣಪತ್ರಗಳು ವಾಷಿಂಗ್ಟನ್‌ಗೆ ಬಂದಿದ್ದವು. ಹದಿನೈದು ಜನರ ಆಯೋಗ ಕೂತು, 8ಕ್ಕೆ 7ರಂತೆ ಇಪ್ಪತ್ತೂ ಮತಗಳನ್ನು ಹೇಸ್‌ಗೆ ಕೊಟ್ಟಿತು. ಒಂದು ಮತದ ಅಂತರದಲ್ಲಿ ಅವರು ಅಧ್ಯಕ್ಷರಾದರು. ಮುಂದೆ ದಕ್ಷಿಣದಲ್ಲಿ ಕಪ್ಪು ಜನರ ಬೆನ್ನಿಗಿದ್ದ ಕೇಂದ್ರದ ಸೈನಿಕರು ಹಿಂದೆ ಸರಿದರು. ಬೆಲೆ ತೆತ್ತವರು ಆ ಆಯೋಗದ ಕೋಣೆಯಲ್ಲಿ ಇರಲೇ ಇಲ್ಲ.

ಆಮೇಲೆ ಬಂದದ್ದು ಕಾಗದದ ಕಾಲ. 1890ರಲ್ಲಿ ಮಿಸಿಸಿಪಿ ಹೊಸ ಸಂವಿಧಾನ ಬರೆಯಿತು. ಮತ ಹಾಕಬೇಕಾದರೆ ಎರಡು ಡಾಲರ್ ತಲೆಗಂದಾಯ ಕಟ್ಟಿರಬೇಕು. ಸಂವಿಧಾನದ ಒಂದು ಭಾಗವನ್ನು ಓದಬೇಕು, ಇಲ್ಲವೇ ಓದಿ ಹೇಳಿದಾಗ ಅದರ ಅರ್ಥ ವಿವರಿಸಬೇಕು. ಎಲ್ಲಿಯೂ ಬಣ್ಣದ ಹೆಸರಿಲ್ಲ. ವಿವರಣೆ ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ಮಾತ್ರ ಬಿಳಿಯ ಗುಮಾಸ್ತ. ಸುಪ್ರೀಂ ಕೋರ್ಟ್ 1898ರಲ್ಲಿ ಇದನ್ನು ಒಪ್ಪಿಕೊಂಡಿತು. ಬೇರೆ ರಾಜ್ಯಗಳೂ ಇದೇ ದಾರಿ ಹಿಡಿದವು. ಲೂಯಿಸಿಯಾನಾದಲ್ಲಿ 1896ರಲ್ಲಿ 1,30,334 ಕಪ್ಪು ಮತದಾರರ ಹೆಸರಿತ್ತು. ಎಂಟು ವರ್ಷ ಕಳೆದ ಮೇಲೆ, 1904ರಲ್ಲಿ, ಉಳಿದದ್ದು 1,342.

ಕಾಗದ ಸಾಲದ ಕಡೆ ಬಂದೂಕೂ ಬಂತು. ನಾರ್ತ್ ಕ್ಯಾರೊಲಿನಾದ ವಿಲ್ಮಿಂಗ್ಟನ್ ಬಂದರು ನಗರದಲ್ಲಿ ಬಿಳಿಯರೂ ಕಪ್ಪು ಜನರೂ ಸೇರಿ ನಡೆಸುತ್ತಿದ್ದ ಚುನಾಯಿತ ಆಡಳಿತವಿತ್ತು. 1898ರ ನವೆಂಬರ್ 10ರಂದು ಶಸ್ತ್ರಸಜ್ಜಿತ ಬಿಳಿಯರ ಗುಂಪು ಕಪ್ಪು ಸಂಪಾದಕರ ಪತ್ರಿಕೆ ‘ಡೈಲಿ ರೆಕಾರ್ಡ್’ ಕಚೇರಿಯನ್ನು ಸುಟ್ಟಿತು, ಬೀದಿಯಲ್ಲಿ ಸಿಕ್ಕವರನ್ನು ಕೊಂದಿತು, ಮೇಯರ್ ಮತ್ತು ಸದಸ್ಯರ ಕೈಯಿಂದ ರಾಜೀನಾಮೆ ಬರೆಸಿಕೊಂಡಿತು. ಗುಂಪಿನ ಮುಂದಾಳು ಆಲ್ಫ್ರೆಡ್ ವಾಡೆಲ್ ಅಂದೇ ಮೇಯರ್ ಆದರು. ವಾಷಿಂಗ್ಟನ್ ಕೈಕಟ್ಟಿ ಕೂತಿತು. ಅಮೆರಿಕದ ನೆಲದಲ್ಲಿ ಚುನಾಯಿತ ಆಡಳಿತವನ್ನು ಬಲವಂತದಿಂದ ಕಿತ್ತೊಗೆದದ್ದು ಎಂದೂ ನಡೆದಿಲ್ಲ ಎನ್ನುವವರಿಗೆ ವಿಲ್ಮಿಂಗ್ಟನ್ ಎಂಬ ಒಂದು ಹೆಸರು ಸಾಕು.

ಈಗ ನೋಂದಣಿ ಮೇಜಿನ ಹತ್ತಿರಕ್ಕೇ ಹೋಗೋಣ. 1962ರ ಆಗಸ್ಟ್ 31. ಮಿಸಿಸಿಪಿಯ ಇಂಡಿಯನೋಲಾ ಎಂಬ ಊರಿನ ಕೋರ್ಟ್ ಕಟ್ಟಡ. ಹದಿನೆಂಟು ಜನ ಕಪ್ಪು ಪ್ರಜೆಗಳು ಬಸ್ಸಿನಲ್ಲಿ ಬಂದಿಳಿದರು. ಅವರಲ್ಲಿ ಫ್ಯಾನಿ ಲೂ ಹೇಮರ್ ಒಬ್ಬರು; ನಲವತ್ತನಾಲ್ಕರ ವಯಸ್ಸು, ಹತ್ತಿ ತೋಟದಲ್ಲಿ ಹದಿನೆಂಟು ವರ್ಷದ ದುಡಿಮೆ. ಗುಮಾಸ್ತ ಅವರಿಗೆ ಮಿಸಿಸಿಪಿ ಸಂವಿಧಾನದ 16ನೇ ಕಲಮು ತೋರಿಸಿದ. ಜಾರಿಯಾದ ಮೇಲೆ ಹಿಂದಿನ ಕೃತ್ಯಕ್ಕೂ ಅನ್ವಯಿಸುವ ಕಾನೂನುಗಳ ವಿಷಯ ಅದು. ಅದನ್ನು ನಕಲು ಮಾಡಿ, ಅರ್ಥ ವಿವರಿಸಿ ಎಂದ. ನಕಲೇನೋ ಮಾಡಿದರು. ಅರ್ಥ ಬರೆಯಲಾಗಲಿಲ್ಲ, ಅಂಥದ್ದೊಂದು ಕಾನೂನಿದೆ ಎಂದು ಅವರು ಕೇಳಿಯೇ ಇರಲಿಲ್ಲ. ನಾಪಾಸು. ವಾಪಸು ಬರುವಾಗ ಪೊಲೀಸರು ಬಸ್ಸು ತಡೆದು ಚಾಲಕನಿಗೆ ದಂಡ ಹಾಕಿದರು. ಅಪರಾಧ ಏನೆಂದರೆ ಬಸ್ಸಿನ ಬಣ್ಣ ಸರಿಯಿಲ್ಲ! ಎಲ್ಲರೂ ಕೂಡಿ ದಂಡ ಕಟ್ಟಿ ಊರು ಸೇರಿದರೆ, ತೋಟದ ಮಾಲೀಕ ಬಾಗಿಲಿಗೇ ಬಂದ: ಅರ್ಜಿ ಹಿಂತೆಗೆದುಕೋ, ಇಲ್ಲವೇ ಜಾಗ ಖಾಲಿ ಮಾಡು. ಹೇಮರ್ ಆ ರಾತ್ರಿಯೇ ಮನೆ ಬಿಟ್ಟರು. ಮುಂದೆ ಮತ್ತೆ ಅದೇ ಮೇಜಿಗೆ ಹೋಗಿ ಹೆಸರು ಬರೆಸಿಯೇ ಬಂದರು. ವಿನೋನಾ ಜೈಲಿನಲ್ಲಿ ಹೊಡೆತ ತಿಂದರು. 1964ರ ಆಗಸ್ಟ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಈ ಎಲ್ಲವನ್ನೂ ಟಿವಿ ಕ್ಯಾಮೆರಾಗಳ ಮುಂದೆ ಹೇಳಿದರು. ಅವರ ಮಾತು ಜನರಿಗೆ ಕೇಳಿಸಬಾರದೆಂದು ಅಧ್ಯಕ್ಷ ಜಾನ್ಸನ್ ತರಾತುರಿಯಲ್ಲಿ ಪತ್ರಿಕಾಗೋಷ್ಠಿ ಕರೆದರು. ಆದರೆ ಅಂದು ಸಂಜೆಯ ಸುದ್ದಿಯಲ್ಲಿ ದೇಶವೆಲ್ಲ ಹೇಮರ್ ಅವರ ಮಾತು ಕೇಳಿತು.

1965ರ ಮಾರ್ಚ್ 7ರಂದು ಅಲಬಾಮಾದ ಸೆಲ್ಮಾದಲ್ಲಿ, ಎಡ್ಮಂಡ್ ಪೆಟಸ್ ಸೇತುವೆಯ ಮೇಲೆ ಸುಮಾರು 600 ಜನ ಮತದಾನದ ಹಕ್ಕು ಕೇಳಿ ನಡೆದು ಹೊರಟರು. ಕುದುರೆಯೇರಿದವರೂ ಸೇರಿ ಪೊಲೀಸರು ಲಾಠಿ, ಅಶ್ರುವಾಯುವಿನಿಂದ ಅವರನ್ನು ಚದುರಿಸಿದರು. ಮೆರವಣಿಗೆಯ ಮುಂದಾಳು, ಇಪ್ಪತ್ತೈದರ ಜಾನ್ ಲೂಯಿಸ್ ಅವರ ತಲೆಬುರುಡೆ ಬಿರಿಯಿತು. ಐದು ತಿಂಗಳೊಳಗೆ, ಆಗಸ್ಟ್ 6ರಂದು, ಅದೇ ಜಾನ್ಸನ್ ಮತದಾನ ಹಕ್ಕು ಕಾಯ್ದೆಗೆ ಸಹಿ ಹಾಕಿದರು. ಆ ಕಾಯ್ದೆಯ ಜೀವ ಇದ್ದದ್ದು ಐದನೇ ಕಲಮಿನಲ್ಲಿ: ಭೇದಭಾವದ ಚರಿತ್ರೆಯಿರುವ ರಾಜ್ಯಗಳು ಚುನಾವಣಾ ನಿಯಮದಲ್ಲಿ ಏನೇ ಬದಲಾವಣೆ ಮಾಡಲಿ, ಮೊದಲು ಕೇಂದ್ರದ ಒಪ್ಪಿಗೆ ಪಡೆಯಬೇಕು. ಅನ್ಯಾಯವಾದ ಮೇಲೆ ಕೋರ್ಟಿಗೆ ಅಲೆಯುವ ಗೋಳು ತಪ್ಪಿತು. ಕೇಂದ್ರದ ಪರೀಕ್ಷಕರು ನೋಂದಣಿ ಮೇಜಿಗೇ ಬಂದು ಕೂತರು. ಮಿಸಿಸಿಪಿಯಲ್ಲಿ ನೋಂದಾಯಿತ ಕಪ್ಪು ಮತದಾರರ ಪ್ರಮಾಣ ಶೇ. 6.7ರಿಂದ 1967ರ ಹೊತ್ತಿಗೆ ಶೇ. 59.8ಕ್ಕೆ ಏರಿತು. ಕಾನೂನಿಗೆ ಏನು ಶಕ್ತಿಯಿದೆ ಎಂದು ಯಾರಾದರೂ ಕೇಳಿದರೆ ನಾನು ಈ ಎರಡು ಅಂಕಿಗಳನ್ನು ಹೇಳುತ್ತೇನೆ.

1965ರ ಅಕ್ಟೋಬರ್ 3ರಂದು ಜಾನ್ಸನ್ ಇನ್ನೊಂದು ಕಾಯ್ದೆಗೆ ಸಹಿ ಹಾಕಿದರು, ವಲಸೆ ಕಾಯ್ದೆಗೆ. ನಮ್ಮ ಎಂಜಿನಿಯರುಗಳು, ವೈದ್ಯರು ದೊಡ್ಡ ಸಂಖ್ಯೆಯಲ್ಲಿ ಅಮೆರಿಕ ಸೇರಲು, ಅಲ್ಲಿ ಕನ್ನಡ ಕೂಟಗಳು ಹುಟ್ಟಲು ಬಾಗಿಲು ತೆರೆದದ್ದು ಅದು. ಅದಕ್ಕೂ ಮೊದಲು ನಮ್ಮವರ ಪಾಡು ಹೇಗಿತ್ತು? 1923ರಲ್ಲಿ ಭಗತ್ ಸಿಂಗ್ ಥಿಂದ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಭಾರತೀಯರು ಅಮೆರಿಕದ ಪೌರರಾಗುವಂತಿಲ್ಲ ಎಂದಿತು. ಆಗಲೇ ಪೌರತ್ವ ಪಡೆದಿದ್ದ ಹಲವರಿಂದ ಅದನ್ನು ಕಿತ್ತುಕೊಂಡರು. 1946ರವರೆಗೆ ಇದೇ ಸ್ಥಿತಿ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾನೇದಾರ್ 2022ರಲ್ಲಿ ಮಿಷಿಗನ್‌ನಿಂದ ಅಮೆರಿಕದ ಸಂಸತ್ತಿಗೆ ಆರಿಸಿ ಬಂದರಲ್ಲ, ಆ ದಾರಿಯನ್ನು ಸವೆಸಿದವರಲ್ಲಿ ಸೆಲ್ಮಾದವರೂ ಇಂಡಿಯನೋಲಾದವರೂ ಇದ್ದಾರೆ.

2006ರಲ್ಲಿ ಮತದಾನ ಹಕ್ಕು ಕಾಯ್ದೆಯನ್ನು ಮುಂದುವರಿಸಲು ಸೆನೆಟ್ 98–0 ಮತಗಳಿಂದ ಒಪ್ಪಿತು. ಏಳೇ ವರ್ಷ. 2013ರ ಜೂನ್ 25ರಂದು ಶೆಲ್ಬಿ ಕೌಂಟಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, 5–4ರ ಬಹುಮತದಿಂದ, ಯಾವ ರಾಜ್ಯಗಳು ಪೂರ್ವಾನುಮತಿ ಪಡೆಯಬೇಕೆಂದು ಹೇಳುವ ಸೂತ್ರವನ್ನೇ ರದ್ದು ಮಾಡಿತು. ಕಾಲ ಬದಲಾಗಿದೆ ಎಂಬುದು ಬಹುಮತದ ನ್ಯಾಯಮೂರ್ತಿಗಳ ವಾದ. ಮಳೆಯಲ್ಲಿ ನೆನೆದಿಲ್ಲವೆಂದು ಕೊಡೆಯನ್ನು ಎಸೆದಂತಾಯಿತು ಎಂದು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಭಿನ್ನಮತದಲ್ಲಿ ಬರೆದರು. ಅವರ ಮಾತು ಸಂಜೆಯೊಳಗೇ ನಿಜವಾಯಿತು. ಟೆಕ್ಸಸ್ ತನ್ನ ಗುರುತಿನ ಚೀಟಿ ಕಾನೂನನ್ನು ಅಂದೇ ಜಾರಿಗೆ ತರುವುದಾಗಿ ಪ್ರಕಟಿಸಿತು. ಅದರ ಪ್ರಕಾರ ಕೈಬಂದೂಕಿನ ಪರವಾನಗಿ ತೋರಿಸಿ ಮತ ಹಾಕಬಹುದು, ವಿಶ್ವವಿದ್ಯಾಲಯದ ಗುರುತಿನ ಚೀಟಿ ತೋರಿಸಿದರೆ ಆಗುವುದಿಲ್ಲ.

ಇನ್ನು ಎಣಿಕೆ ಮೇಜು. 1876ರ ಗೊಂದಲದ ನಂತರ 1887ರಲ್ಲಿ ಚುನಾಯಕ ಮತಗಳ ಎಣಿಕೆಗೆಂದು ಒಂದು ಕಾಯ್ದೆ ಮಾಡಿದ್ದರು. ಭಾಷೆ ಗೋಜಲು; ಎರಡೂ ಸದನಗಳಿಂದ ಒಬ್ಬೊಬ್ಬ ಸದಸ್ಯ ಎದ್ದು ನಿಂತರೆ ಸಾಕು, ಒಂದು ರಾಜ್ಯದ ಮತಗಳಿಗೇ ಆಕ್ಷೇಪ. ನೂರಮೂವತ್ತು ವರ್ಷ ಅದು ಹೇಗೋ ನಡೆಯಿತು, ಏಕೆಂದರೆ ಸೋತವರು ಸೋಲನ್ನು ಒಪ್ಪಿಕೊಳ್ಳುತ್ತಿದ್ದರು. 2000ದಲ್ಲಿ ಫ್ಲಾರಿಡಾದ 537 ಮತಗಳಿಂದ ಅಧ್ಯಕ್ಷ ಪದವಿ ಕೈತಪ್ಪಿದಾಗಲೂ ಆಲ್ ಗೋರ್ ಒಪ್ಪಿಕೊಂಡರು.

2020ರಲ್ಲಿ ಸೋತ ಡೊನಾಲ್ಡ್ ಟ್ರಂಪ್ ಒಪ್ಪಿಕೊಳ್ಳಲಿಲ್ಲ. ಮಿಷಿಗನ್‌ನಲ್ಲಿ ಅವರ ಎದುರಾಳಿ ಬೈಡನ್ ಒಂದೂವರೆ ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದಿದ್ದರು. ಫಲಿತಾಂಶಕ್ಕೆ ಸಹಿ ಹಾಕುವ ರಾಜ್ಯ ಮಂಡಳಿಯಲ್ಲಿ ಎರಡೂ ಪಕ್ಷಗಳಿಂದ ಇಬ್ಬಿಬ್ಬರು. ಆರನ್ ವ್ಯಾನ್ ಲ್ಯಾಂಗವೆಲ್ಡ್ ಎಂಬ ರಿಪಬ್ಲಿಕನ್ ಯುವ ವಕೀಲ, ಎಣಿಕೆಯ ಪಟ್ಟಿ ಸರಿಯಿದ್ದರೆ ಸಹಿ ಹಾಕುವುದು ಕರ್ತವ್ಯ, ತಡೆಯುವ ಅಧಿಕಾರ ನಮಗಿಲ್ಲ ಎಂಬ ನಿಲುವು ತಾಳಿ ಸಹಿಯ ಪರ ಮತ ಹಾಕಿದರು. ಪಕ್ಷ ಅವರನ್ನು ಮತ್ತೆ ಆ ಜಾಗಕ್ಕೆ ಹೆಸರಿಸಲಿಲ್ಲ. ಜಾರ್ಜಿಯಾದಲ್ಲಿ ಮತಗಳನ್ನು ಮೂರು ಬಾರಿ ಎಣಿಸಿದರು, ಒಮ್ಮೆ ಪೂರ್ತಿ ಕೈಯಿಂದಲೇ. ಆದರೂ 2021ರ ಜನವರಿ 2ರಂದು ಟ್ರಂಪ್ ಅಲ್ಲಿನ ರಾಜ್ಯ ಕಾರ್ಯದರ್ಶಿ ಬ್ರಾಡ್ ರಾಫೆನ್ಸ್‌ಪರ್ಗರ್‌ಗೆ ಫೋನ್ ಮಾಡಿ 11,780 ಮತ ಹುಡುಕಿಕೊಡಿ ಎಂದರು. ಗೆಲ್ಲಲು ಬೇಕಿದ್ದುದಕ್ಕೆ ಸರಿಯಾದ ಲೆಕ್ಕ. ಆ ಅಧಿಕಾರಿಯೂ ರಿಪಬ್ಲಿಕನ್; ಆಗುವುದಿಲ್ಲ ಎಂದರು. ಜನವರಿ 6ರಂದು, ಚುನಾಯಕ ಮತಗಳ ಎಣಿಕೆ ನಡೆಯುತ್ತಿದ್ದಾಗ, ಟ್ರಂಪ್ ಬೆಂಬಲಿಗರ ಗುಂಪು ಸಂಸತ್ತಿನ ಕ್ಯಾಪಿಟಲ್ ಕಟ್ಟಡಕ್ಕೆ ನುಗ್ಗಿತು. ಸಭಾಂಗಣ ಬಿಟ್ಟು ಓಡುವ ಗಡಿಬಿಡಿಯಲ್ಲೂ ಸೆನೆಟ್ ಸಿಬ್ಬಂದಿ ಚುನಾಯಕ ಮತಪತ್ರಗಳಿದ್ದ ಮಹೋಗನಿ ಮರದ ಪೆಟ್ಟಿಗೆಗಳನ್ನು ಹೊತ್ತುಕೊಂಡೇ ಹೋದರು. ಹಾಗಾಗಿ ಅದೇ ರಾತ್ರಿ ಎಣಿಕೆ ಮುಂದುವರಿದು ಬೆಳಗಿನ ಜಾವ ಮುಗಿಯಿತು. ಉಪಾಧ್ಯಕ್ಷ ಮೈಕ್ ಪೆನ್ಸ್ ಒತ್ತಡಕ್ಕೆ ಮಣಿಯದೆ ಫಲಿತಾಂಶ ಓದಿದರು. ಅದರ ಜೊತೆಗೆ ಇದನ್ನೂ ಹೇಳಬೇಕು: ದಾಳಿಯಾದ ಮೇಲೂ 147 ಸದಸ್ಯರು ಆಕ್ಷೇಪದ ಪರ ಮತ ಹಾಕಿದರು. ಮತ್ತೆ ಗೆದ್ದು ಬಂದ ಟ್ರಂಪ್, 2025ರ ಜನವರಿ 20ರಂದು, ಆ ದಾಳಿಯ ಸುಮಾರು 1,500 ಆರೋಪಿ-ಅಪರಾಧಿಗಳಿಗೆ ಕ್ಷಮಾದಾನ ಕೊಟ್ಟರು. ಇದು ಆ ದೇಶಕ್ಕಾದ ದೊಡ್ಡ ಗಾಯವೆಂದೇ ನಾನು ತಿಳಿದಿದ್ದೇನೆ.

ಹಾಗಾದರೆ ಪ್ರಜಾಪ್ರಭುತ್ವವನ್ನು ಗಟ್ಟಿ ಮಾಡುವ ದಾರಿ? ಕೆಲವು ಆಗಲೇ ಶುರುವಾಗಿವೆ. 2022ರ ಡಿಸೆಂಬರ್‌ನಲ್ಲಿ ಎರಡೂ ಪಕ್ಷಗಳು ಸೇರಿ 1887ರ ಕಾಯ್ದೆಯನ್ನು ತಿದ್ದಿದವು. ಎಣಿಕೆಯಲ್ಲಿ ಉಪಾಧ್ಯಕ್ಷರ ಪಾತ್ರ ಬರೀ ಔಪಚಾರಿಕ ಎಂದು ಸ್ಪಷ್ಟವಾಗಿ ಬರೆದರು. ಆಕ್ಷೇಪಕ್ಕೆ ಈಗ ಪ್ರತಿ ಸದನದ ಐದನೇ ಒಂದು ಭಾಗ ಸದಸ್ಯರು ಬೇಕು. ಒಳ್ಳೆಯ ಕೆಲಸ. ಕ್ಷೇತ್ರಗಳ ಗಡಿ ಎಳೆಯುವ ವಿಷಯ ಅಷ್ಟು ಸುಲಭವಿಲ್ಲ. 1812ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಎಲ್ಬ್ರಿಜ್ ಗೆರಿ ಸಹಿ ಹಾಕಿದ ವಕ್ರ ನಕ್ಷೆಯಿಂದ ಶುರುವಾಗಿ ಇವತ್ತಿನವರೆಗೂ ರಾಜಕಾರಣಿಗಳು ತಮಗೆ ಬೇಕಾದ ಮತದಾರರನ್ನು ಆರಿಸಿಕೊಳ್ಳುತ್ತಲೇ ಇದ್ದಾರೆ. ಪಕ್ಷದ ಲಾಭಕ್ಕಾಗಿ ಎಳೆದ ಗಡಿಗಳ ವಿಚಾರದಲ್ಲಿ ಕೇಂದ್ರದ ನ್ಯಾಯಾಲಯಗಳು ಕೈಹಾಕುವುದಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಕೈತೊಳೆದುಕೊಂಡಿತು. 2018ರಲ್ಲಿ ಮಿಷಿಗನ್ ಮತದಾರರು ಜನಮತದ ಮೂಲಕ ಗಡಿ ಎಳೆಯುವ ಪೆನ್ಸಿಲನ್ನು ನಾಗರಿಕರ ಆಯೋಗಕ್ಕೆ ಕೊಟ್ಟರು; ಅರಿಜೋನಾ, ಕ್ಯಾಲಿಫೋರ್ನಿಯಾ ಅದಕ್ಕೂ ಮೊದಲೇ ಕೊಟ್ಟಿದ್ದವು. ಆದರೆ 2025ರಲ್ಲಿ ಟೆಕ್ಸಸ್ ಜನಗಣತಿಗೂ ಕಾಯದೆ ನಡುವೆಯೇ ನಕ್ಷೆ ಬದಲಿಸಿತು. ಪ್ರತೀಕಾರವಾಗಿ ಕ್ಯಾಲಿಫೋರ್ನಿಯಾ ತನ್ನದೇ ಆಯೋಗದ ನಕ್ಷೆಯನ್ನು ಬದಿಗಿಟ್ಟಿತು. ಅದರ ಸಿಟ್ಟು ನನಗೆ ಅರ್ಥವಾಗುತ್ತದೆ; ಮಾಡಿದ್ದು ಸರಿಯೆನ್ನಲು ಮನಸ್ಸು ಒಪ್ಪುವುದಿಲ್ಲ. ಎಲ್ಲ ರಾಜ್ಯಗಳಿಗೂ ಅನ್ವಯಿಸುವ ಒಂದೇ ನಿಯಮವನ್ನು ಸಂಸತ್ತು ಮಾಡಬೇಕು. ಹಾಗೆ ಮಾಡುವ ಅಧಿಕಾರವನ್ನು ಸಂವಿಧಾನದ ಮೊದಲ ವಿಧಿಯೇ ಅದಕ್ಕೆ ಕೊಟ್ಟಿದೆ.

ಅದಕ್ಕಿಂತ ತುರ್ತಾದದ್ದು ಪೂರ್ವಾನುಮತಿಯ ಕಲಮಿಗೆ ಮತ್ತೆ ಜೀವ ತುಂಬುವುದು. ಜಾನ್ ಲೂಯಿಸ್ ಹೆಸರಿನಲ್ಲಿ ಅಂಥ ಮಸೂದೆಯೊಂದು 2021ರಲ್ಲಿ ಕೆಳಮನೆ ದಾಟಿತು. ಸೆನೆಟ್‌ನಲ್ಲಿ ಅರವತ್ತು ಮತಗಳ ಗೋಡೆಗೆ ಬಡಿದು ನಿಂತಿತು. ಹೆಸರು ಬರೆಸುವ ಹೊರೆಯನ್ನು ಪ್ರಜೆಯ ತಲೆಯಿಂದ ಇಳಿಸಿ ಸರ್ಕಾರದ ಮೇಲೆ ಹಾಕುವ ಕೆಲಸವನ್ನು ಒರೆಗನ್ 2016ರಲ್ಲಿ ಆರಂಭಿಸಿತು. ಡ್ರೈವಿಂಗ್ ಲೈಸೆನ್ಸ್‌ಗೆ ಹೋದಾಗಲೇ ಪೌರನ ಹೆಸರು ಪಟ್ಟಿ ಸೇರುತ್ತದೆ. ಬೇರೆ ಅನೇಕ ರಾಜ್ಯಗಳು ಹಿಂಬಾಲಿಸಿವೆ. ಇದಕ್ಕೆ ತದ್ವಿರುದ್ಧವಾಗಿ, ಹೆಸರು ಬರೆಸಲು ಪೌರತ್ವದ ದಾಖಲೆ ತೋರಿಸಬೇಕೆಂದು 2025ರ ಮಾರ್ಚ್‌ನಲ್ಲಿ ಅಧ್ಯಕ್ಷ ಟ್ರಂಪ್ ಆದೇಶ ಹೊರಡಿಸಿದರು. ಫೆಡರಲ್ ನ್ಯಾಯಾಲಯ ಅದಕ್ಕೆ ತಡೆ ಹಾಕಿತು. ಅದೇ ಹಳೆಯ ಮೇಜು.

ಎಣಿಸುವವರಿಗೆ ರಕ್ಷಣೆಯೂ ಬೇಕು. 2020ರಲ್ಲಿ ಅಟ್ಲಾಂಟಾದಲ್ಲಿ ಮತ ಎಣಿಸಿದ ತಾಯಿ-ಮಗಳಿಬ್ಬರು ಸುಳ್ಳು ಆರೋಪದಿಂದಾಗಿ ಬೆದರಿಕೆಗೆ ಗುರಿಯಾದರು, ಅವರ ಬದುಕೇ ಅಸ್ತವ್ಯಸ್ತವಾಯಿತು. ಆ ಸುಳ್ಳನ್ನು ಹಬ್ಬಿಸಿದ, ಟ್ರಂಪ್ ಅವರ ವಕೀಲರಾಗಿದ್ದ ರೂಡಿ ಜೂಲಿಯಾನಿ 14.8 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು 2023ರಲ್ಲಿ ಜ್ಯೂರಿ ಹೇಳಿತು. ಅನುಭವಿಗಳಾದ ಎಷ್ಟೋ ಚುನಾವಣಾ ಅಧಿಕಾರಿಗಳು ಬೆದರಿಕೆಗೆ ಬೇಸತ್ತು ಕೆಲಸ ಬಿಟ್ಟಿದ್ದಾರೆ. ಅಲ್ಲಿ ಮತಗಟ್ಟೆಯಲ್ಲಿ ಕೆಲಸ ಮಾಡುವವರು ಹೆಚ್ಚಾಗಿ ಆಯಾ ಊರಿನ ಸಾಮಾನ್ಯ ಮತದಾರರೇ. ಅರ್ಜಿ ಹಾಕಿದರೆ ಕೌಂಟಿ ಕಚೇರಿಯವರು ತರಬೇತಿ ಕೊಡುತ್ತಾರೆ, ಆ ದಿನದ ಭತ್ಯೆಯೂ ಸಿಗುತ್ತದೆ. ಇಂಗ್ಲಿಷ್ ಜೊತೆಗೆ ಬೇರೆ ಭಾಷೆ ಬಲ್ಲವರಿಗೆ ಹಲವು ಕಡೆ ಬೇಡಿಕೆಯಿದೆ. ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ಬಂಗಾಳಿ ಮತಪತ್ರವೇ ಇದೆ. ನಿಮ್ಮ ಮಗಳೋ ಅಳಿಯನೋ ಮೊಮ್ಮಗನೋ ಅಲ್ಲಿನ ಪೌರರಾಗಿದ್ದರೆ, ಮುಂದಿನ ಸಲ ಫೋನಿನಲ್ಲಿ ಮಾತಾಡುವಾಗ ಈ ವಿಷಯ ತಿಳಿಸಿ, ತಮ್ಮ ಕೌಂಟಿಯ ಚುನಾವಣಾ ಕಚೇರಿಗೆ ಅರ್ಜಿ ಹಾಕಲು ಹೇಳಿ.